ಮೊದಲು ಹೇಳಿದವರಿಗೇ ಏಕೆ ಶಿಕ್ಷೆ?

ಸಾಂಕ್ರಾಮಿಕ ರೋಗಗಳ ಕುರಿತ ಅಂತರರಾಷ್ಟ್ರೀಯ ಚರ್ಚೆಯೊಂದನ್ನು ಈಗಷ್ಟೇ ನೋಡಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಬಡ ದೇಶಗಳು ಹೊಸ ವೈರಾಣುವಿನ ಸುದ್ದಿಯನ್ನು ಮುಚ್ಚಿಡದೆ ಕೂಡಲೇ ಹಂಚಿಕೊಳ್ಳುವುದನ್ನು ಕಲಿಯಬೇಕು ಎಂದು ಶ್ರೀಮಂತ ದೇಶದ ಹಿರಿಯರೊಬ್ಬರು ಬುದ್ಧಿ ಹೇಳಿದರು. ಅಲ್ಲಿ ಕುಳಿತಿದ್ದ ಒಬ್ಬರೂ ಅವರಿಗೆ 2021ರ ನವೆಂಬರ್ ತಿಂಗಳನ್ನು ನೆನಪಿಸಲಿಲ್ಲ.

ಆ ತಿಂಗಳು ದಕ್ಷಿಣ ಆಫ್ರಿಕಾದ ಪ್ರಯೋಗಾಲಯವೊಂದರಲ್ಲಿ ಆರ್‌ಟಿ-ಪಿಸಿಆರ್ ಎಂಬ ಕೋವಿಡ್ ಪರೀಕ್ಷೆ ಮಾಡುತ್ತಿದ್ದವರಿಗೆ, ವೈರಾಣುವಿನಲ್ಲಿ ಹುಡುಕುವ ಮೂರು ಜೀನ್‌ಗಳ ಪೈಕಿ ಎಸ್ ಜೀನ್ ಮಾತ್ರ ಸಿಗದಿರುವುದು ಕಣ್ಣಿಗೆ ಬಿತ್ತು. ಕೋವಿಡ್ ಕಾಲದಲ್ಲಿ ನಾನೂ ಅಂಥದೇ ಯಂತ್ರದ ಮುಂದೆ ಕುಳಿತಿದ್ದೆ. ಮಾದರಿಗಳು ರಾಶಿ ಬಿದ್ದಿರುವಾಗ, ಕಿಟ್‌ನಲ್ಲೇ ಏನೋ ದೋಷವಿರಬೇಕೆಂದು ಅದನ್ನು ಬದಿಗಿಟ್ಟು ಮುಂದೆ ಹೋಗುವುದು ಬಹಳ ಸುಲಭ. ಅವರು ಬದಿಗಿಡಲಿಲ್ಲ. ಅನುಮಾನ ಬಂದ ಮಾದರಿಗಳ ಜೀನೋಮ್, ಅಂದರೆ ವೈರಾಣುವಿನ ಇಡೀ ವಂಶವಾಹಿ ಬರಹ, ಓದಿಸಿದರು. ಕೊರೊನಾದ ಹೊಸ ರೂಪಾಂತರ ಕಂಡಿತು. ಪಕ್ಕದ ಬೋಟ್ಸ್‌ವಾನಾದಲ್ಲಿ ವಿಜ್ಞಾನಿ ಸಿಖುಲಿಲೆ ಮೋಯೊ ಅವರ ತಂಡಕ್ಕೂ ಅದೇ ರೂಪಾಂತರ ಕಂಡಿತು. ನವೆಂಬರ್ 25ರಂದು ದಕ್ಷಿಣ ಆಫ್ರಿಕಾದ ವಿಜ್ಞಾನಿ ತುಲಿಯೊ ಡಿ ಒಲಿವೇರಾ ಮತ್ತು ಸಂಗಡಿಗರು ಕ್ಯಾಮೆರಾದ ಮುಂದೆ ಕುಳಿತು, ತಿಳಿದಿದ್ದನ್ನೆಲ್ಲ ಜಗತ್ತಿಗೆ ಹೇಳಿದರು. ಮರುದಿನ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಮಿಕ್ರಾನ್ ಎಂದು ಹೆಸರಿಟ್ಟಿತು.

ಹೆಸರಿಡುವ ಮೊದಲೇ, 25ರ ರಾತ್ರಿಯೇ, ಬ್ರಿಟನ್ ದಕ್ಷಿಣ ಆಫ್ರಿಕಾದ ವಿಮಾನಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. ಯುರೋಪ್, ಅಮೆರಿಕ ಹಿಂಬಾಲಿಸಿದವು. ವಿಮಾನಗಳು ನಿಂತಾಗ ಜೀನೋಮ್ ಓದಲು ಬೇಕಾದ ರಾಸಾಯನಿಕಗಳ ಪೂರೈಕೆಗೂ ಪೆಟ್ಟು ಬಿತ್ತು. ಕಂಡುಹಿಡಿದವರ ಕೈಯಿಂದ ಕಂಡುಹಿಡಿಯುವ ಸಾಧನವನ್ನೇ ಕಿತ್ತುಕೊಂಡರು! ಇದಕ್ಕಿಂತ ದೊಡ್ಡ ಅವಿವೇಕವನ್ನು ನಾನು ಕಂಡಿಲ್ಲ.

ನಿರ್ಬಂಧದಿಂದ ಸಿದ್ಧತೆಗೆ ಕೆಲವು ದಿನವಾದರೂ ಸಿಗುತ್ತವಲ್ಲ ಎಂದು ಕೆಲವರು ವಾದಿಸುತ್ತಾರೆ. ಎಲ್ಲಿ ಸಿಕ್ಕವು? ನೆದರ್ಲೆಂಡ್ಸ್‌ನಲ್ಲಿ ನವೆಂಬರ್ 19ರಂದೇ ಸಂಗ್ರಹಿಸಿದ್ದ ಮಾದರಿಯಲ್ಲಿ ಒಮಿಕ್ರಾನ್ ಇತ್ತು. ನಮ್ಮ ದೇಶದ ಮೊದಲ ಎರಡು ಪ್ರಕರಣಗಳು ಡಿಸೆಂಬರ್ 2ರಂದು ಬೆಂಗಳೂರಿನಿಂದಲೇ ಪ್ರಕಟವಾದವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ಇಲ್ಲಿಯ ವೈದ್ಯರು, ವಿದೇಶಕ್ಕೆ ಹೋದವರೇ ಅಲ್ಲ. ಬಾಗಿಲು ಹಾಕುವ ಹೊತ್ತಿಗೆ ವೈರಾಣು ಒಳಗಿತ್ತು.

ಇದು ಒಮಿಕ್ರಾನ್ ಒಂದರ ಕಥೆಯೂ ಅಲ್ಲ. ಕೊರೊನಾ ವೈರಾಣುವಿನ ಮೊದಲ ಜೀನೋಮನ್ನು 2020ರ ಜನವರಿ 11ರಂದು ಎಲ್ಲರ ಮುಂದಿಟ್ಟವರು ಶಾಂಘೈನ ವಿಜ್ಞಾನಿ ಝಾಂಗ್ ಯೋಂಗ್‌ಝೆನ್. ಲಸಿಕೆಯ ಕೆಲಸ ಅಷ್ಟು ಬೇಗ ಆರಂಭವಾಗಿದ್ದು ಅದರಿಂದ. ಮರುದಿನವೇ ಅವರ ಪ್ರಯೋಗಾಲಯವನ್ನು "ಸರಿಪಡಿಸುವ" ಕಾರಣ ಕೊಟ್ಟು ಮುಚ್ಚಿಸಲಾಯಿತು. ಹೇಳಿದವರನ್ನು ಅಲ್ಲಿ ಅವರ ಸರ್ಕಾರವೇ ದಂಡಿಸಿತು, ಆಫ್ರಿಕಾದಲ್ಲಿ ಹೊರಗಿನ ಸರ್ಕಾರಗಳು ದಂಡಿಸಿದವು.

ಲಸಿಕೆಯ ಲೆಕ್ಕ ಇನ್ನೂ ನೋವು ಕೊಡುತ್ತದೆ. ಆಸ್ಟ್ರಾಜೆನೆಕಾ ಲಸಿಕೆಯ ಪರೀಕ್ಷೆಗೆ ದಕ್ಷಿಣ ಆಫ್ರಿಕಾದ ಸುಮಾರು 2,000 ಸ್ವಯಂಸೇವಕರು ತೋಳು ಕೊಟ್ಟಿದ್ದರು. ಆದರೆ 2021ರ ಆರಂಭದಲ್ಲಿ ಅದೇ ಲಸಿಕೆಯನ್ನು ನಮ್ಮ ಪುಣೆಯ ಸೀರಂ ಸಂಸ್ಥೆಯಿಂದ ಕೊಳ್ಳುವಾಗ ಆ ದೇಶ ಡೋಸ್ ಒಂದಕ್ಕೆ 5.25 ಡಾಲರ್ ತೆರಬೇಕಾಯಿತು. ಯುರೋಪಿನ ಒಕ್ಕೂಟಕ್ಕೆ ಬಿದ್ದ ದರ ಅದರ ಅರ್ಧಕ್ಕಿಂತಲೂ ಕಡಿಮೆ. ಶ್ರೀಮಂತ ದೇಶಗಳು ಸಂಶೋಧನೆಗೆ ಹಣ ಹಾಕಿವೆ ಎಂಬ ಕಾರಣವನ್ನು ತಮಗೆ ಕೊಡಲಾಯಿತು ಎಂದು ಅಲ್ಲಿನ ಅಧಿಕಾರಿಗಳು ಹೇಳಿದ್ದರು. ಮೈಯನ್ನೇ ಒಡ್ಡಿದವರ ಪಾಲು ಯಾವ ಖಾತೆಗೆ ಹೋಯಿತು?

ಕೋವಿಡ್ ಲಸಿಕೆ, ಔಷಧಗಳ ಪೇಟೆಂಟ್ ಸಡಿಲಿಸಿ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಜೊತೆಯಾಗಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಹೋಗಿದ್ದು 2020ರ ಅಕ್ಟೋಬರ್‌ನಲ್ಲಿ. ಆ ದಿನ ನನಗೆ ನಮ್ಮ ದೇಶದ ಬಗ್ಗೆ ನಿಜವಾದ ಹೆಮ್ಮೆ ಇತ್ತು. ನಿರ್ಣಯ ಬಂದಿದ್ದು 2022ರ ಜೂನ್‌ನಲ್ಲಿ, ಅದೂ ಲಸಿಕೆಗಳಿಗಷ್ಟೇ ಸೀಮಿತವಾಗಿ.

"ಪ್ರತಿ ಸರ್ಕಾರವೂ ಮೊದಲು ತನ್ನ ಜನರನ್ನು ನೋಡಿಕೊಳ್ಳಬೇಡವೇ?" ಎಂದು ಕೇಳುವಿರಿ. 2021ರ ಎರಡನೆಯ ಅಲೆಯಲ್ಲಿ ಭಾರತವೂ ಲಸಿಕೆಯ ರಫ್ತನ್ನು ತಡೆಹಿಡಿದಿತ್ತು, ಅದನ್ನು ನಂಬಿದ್ದ ಆಫ್ರಿಕಾದ ದೇಶಗಳು ಕಾದು ಕುಳಿತವು. ಆ ದಿನಗಳಲ್ಲಿ ನನ್ನ ಅಮ್ಮನಿಗೆ ಮೊದಲು ಲಸಿಕೆ ಸಿಗಲಿ ಎಂದೇ ನಾನು ಹಂಬಲಿಸಿದೆ. ನಾಳೆ ಅಂಥ ದಿನ ಬಂದರೆ ಮತ್ತೆ ಹಾಗೆಯೇ ಹಂಬಲಿಸುತ್ತೇನೆ. ಭಯದಲ್ಲಿರುವ ಮಗಳಿಂದ, ಭಯದಲ್ಲಿರುವ ಸರ್ಕಾರದಿಂದ ನ್ಯಾಯವನ್ನು ನಿರೀಕ್ಷಿಸಲಾಗದು. ಆದ್ದರಿಂದಲೇ ಭಯವಿಲ್ಲದ ಕಾಲದಲ್ಲಿ ನಿಯಮ ಬರೆದಿಡಬೇಕು. ನಾಯಕತ್ವವೆಂದರೆ ಆ ಕೆಲಸ.

2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಮಾರಿ ಒಪ್ಪಂದಕ್ಕೆ ಜಿನೀವಾದಲ್ಲಿ ಅಂಗೀಕಾರ ದೊರೆಯಿತು. ರೋಗಾಣುವಿನ ಮಾದರಿ ಕೊಟ್ಟವರಿಗೆ ಪ್ರತಿಯಾಗಿ ಏನು, ಹೇಗೆ ಸಿಗಬೇಕೆಂಬ ಅನುಬಂಧವನ್ನು ಮಾತ್ರ ಆಗ ಮುಂದಕ್ಕೆ ಹಾಕಿದರು. ಇಡೀ ಜಗಳದ ಬೇರು ಇರುವುದು ಅಲ್ಲೇ! ಮೊದಲು ಹೇಳಿದ ದೇಶದ ಪ್ರಯೋಗಾಲಯಗಳಿಗೆ ಸಾಮಗ್ರಿ ಸಾಗಿಸುವ ವಿಮಾನಗಳು ನಿಲ್ಲಬಾರದು, ಆ ದೇಶದ ನರ್ಸ್‌ಗಳಿಗೂ ಮುದುಕರಿಗೂ ಲಸಿಕೆ ಮೊದಲ ಕಂತಿನಲ್ಲೇ ತಲುಪಬೇಕು. ಇಷ್ಟನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಬನ್ನಿ, ಆಮೇಲೆ ಬಡ ದೇಶಗಳಿಗೆ ಪಾಠ ಹೇಳುವಿರಂತೆ.