ಓಡಿದವನಿಗೆ ಎರಡು ವರ್ಷ, ಹೆತ್ತವಳಿಗೆ ಏಳು

ನಿನ್ನೆ ರಾತ್ರಿ ಟಿವಿಯಲ್ಲಿ ಒಬ್ಬ ಮುದುಕಿಯ ಮುಖಕ್ಕೆ ಮೈಕ್ ಹಿಡಿದು, "ಮಗನನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಅರಚುತ್ತಿದ್ದರು. ಮಗ ಜೈಲಿನಿಂದ ತಪ್ಪಿಸಿಕೊಂಡಿದ್ದಾನಂತೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗಲು ನೋಡಿದರೆ ಆ ವರದಿಗಾರ ಬಾಗಿಲಿಗೆ ಕಾಲು ಅಡ್ಡ ಇಟ್ಟ. ಕೆಳಗೆ ದಪ್ಪ ಅಕ್ಷರದಲ್ಲಿ, "ತಾಯಿಗೂ ಜೈಲು?"

ಕಾನೂನಿನ ಪ್ರಕಾರ ಆ ಪ್ರಶ್ನಾರ್ಥಕ ಚಿಹ್ನೆ ಬೇಕೇ ಇರಲಿಲ್ಲ. ಕೋರ್ಟಿನ ಶಿರಸ್ತೇದಾರಿಕೆಯಲ್ಲಿ ತಲೆ ನರೆಸಿಕೊಂಡವನು ನಾನು, ನಿಮಗೆ ಗೊತ್ತೇ ಇದೆ. ಭಾರತೀಯ ನ್ಯಾಯ ಸಂಹಿತೆಯ 253ನೇ ಕಲಂ ತೆಗೆದು ನೋಡಿ. ತಪ್ಪಿಸಿಕೊಂಡವನ ಅಪರಾಧ ಮರಣದಂಡನೆ ವಿಧಿಸಬಹುದಾದದ್ದಾಗಿದ್ದರೆ (ಕೊಲೆ ಅಂಥದ್ದೇ), ಗೊತ್ತಿದ್ದೂ ಅವನು ಸಿಕ್ಕಿಬೀಳದಂತೆ ಕಾಪಾಡಿದವರಿಗೆ 7 ವರ್ಷದವರೆಗೆ ಜೈಲು, ಮೇಲೆ ದಂಡ. ಮನೆಯಲ್ಲಿ ಅಡಗಿಸಿಡುವುದೇ ಬೇಕಿಲ್ಲ. ಆ ಉದ್ದೇಶದಿಂದ ಅನ್ನ, ಬಟ್ಟೆ, ಬಸ್ ಚಾರ್ಜಿಗೆ ಕಾಸು ಕೊಟ್ಟರೂ ಆಶ್ರಯವೇ.

ಸರಿ, ಓಡಿಹೋದ ಮಹಾಶಯನಿಗೆ? ಆ ಓಟಕ್ಕೆ 262ನೇ ಕಲಮಿನಲ್ಲಿ ಹೆಚ್ಚೆಂದರೆ 2 ವರ್ಷ. ಕಾವಲಿಗಿದ್ದು ಅಜಾಗರೂಕತೆಯಿಂದ ಅವನನ್ನು ಕೈಬಿಟ್ಟ ಸರ್ಕಾರಿ ನೌಕರನಿಗೆ? ಹೆಚ್ಚೆಂದರೆ 2 ವರ್ಷ, ಅದೂ ಸಾದಾ ಸಜೆ. ಸಂಬಳ ತೆಗೆದುಕೊಂಡು ತೂಕಡಿಸಿದವನಿಗೆ ಎರಡು, ಹೆತ್ತ ಕರುಳಿಗೆ ಏಳು! ಯಾವ ತಕ್ಕಡಿಯಪ್ಪಾ ಇದು?

ವಿನಾಯಿತಿ ಇಲ್ಲವೆಂದಲ್ಲ, ಇದೆ. ಗಂಡನಿಗೆ, ಹೆಂಡತಿಗೆ. ಕಳೆದ ತಿಂಗಳು ತಾಳಿ ಕಟ್ಟಿಸಿಕೊಂಡವಳು ಬಚಾವು. ಹೆತ್ತು ಸಾಕಿದವಳು ಆರೋಪಿ. 2024ರ ಜುಲೈ 1ರಿಂದ ಬ್ರಿಟಿಷರ ಕಾನೂನು ತೊಲಗಿ ಈ ನ್ಯಾಯ ಸಂಹಿತೆ ಬಂತೆಂದು ಡಂಗುರ ಸಾರಿದರಲ್ಲ, ಈ ವಿಷಯದಲ್ಲಿ ತೊಲಗಿದ್ದು 216 ಎಂಬ ಹಳೆಯ ಕಲಂ ಸಂಖ್ಯೆ ಮಾತ್ರ. ಜರ್ಮನಿಯಲ್ಲಿ ಹತ್ತಿರದ ಸಂಬಂಧಿಯನ್ನು ಶಿಕ್ಷೆಯಿಂದ ಹೀಗೆ ಮರೆಮಾಚಿದವರನ್ನು ದಂಡಿಸುವುದಿಲ್ಲ. ಜಪಾನಿನಲ್ಲಿ ಸಂಬಂಧಿಕರಿಗೆ ಶಿಕ್ಷೆ ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಅಲ್ಲೇನು ಕಳ್ಳಕಾಕರು ಊರು ಕೊಳ್ಳೆ ಹೊಡೆದರೇ?

"ತಾಯಂದಿರಿಗೆ ಮಾಫಿ ಕೊಟ್ಟರೆ ರೌಡಿಗಳೆಲ್ಲ ತಾಯಿಯ ಮನೆಯಲ್ಲೇ ಬೀಡುಬಿಡುತ್ತಾರೆ" ಎಂದು ವಕೀಲ ಮಿತ್ರರೊಬ್ಬರು ಬೆಳಿಗ್ಗೆಯೇ ಫೋನಿನಲ್ಲಿ ಬುದ್ಧಿ ಹೇಳಿದರು. ಬಿಡಲಿ ಸ್ವಾಮಿ! ಪೊಲೀಸರು ಮೊದಲು ಬಡಿಯುವುದೇ ಆ ಬಾಗಿಲನ್ನು. ಅವನನ್ನು ಎಳೆದುಕೊಂಡು ಹೋಗಲಿ, ಬೇಡವೆಂದವರು ಯಾರು? ಆಕೆಯನ್ನೂ ಜೀಪು ಹತ್ತಿಸುವುದೇಕೆ? ದುಡ್ಡಿಗಾಗಿ ಅಡಗುತಾಣ ಒದಗಿಸುವವರಿಗೆ ಬೇಕಾದರೆ ಏಳಲ್ಲ, ಹದಿನಾಲ್ಕು ಕೊಡಿ.

ಇಷ್ಟೆಲ್ಲ ಕಲಂ ಬಾಯಿಪಾಠ ಇರುವ ನನ್ನ ಮನೆಗೇ ನಡುರಾತ್ರಿ ಒಡಹುಟ್ಟಿದ ತಮ್ಮನೇ ಹಾಗೆ ತಪ್ಪಿಸಿಕೊಂಡು ಬಂದು ನಿಂತರೆ? ಮೊದಲು ಊಟ ಬಡಿಸುತ್ತೇನೆ. ಠಾಣೆಗೆ ಫೋನ್ ಮಾಡುವ ವಿಚಾರವೇನಿದ್ದರೂ ಬೆಳಿಗ್ಗೆ. ಬೈಯುವವರು ಧಾರಾಳವಾಗಿ ಬೈಯಿರಿ, ಕಾಮೆಂಟು ತೆರೆದೇ ಇದೆ.