ಎಲ್ಲ ಗಟ್ಟಿ ಹವಳಕ್ಕೂ ಇಕ್ಕಳ ಸಲ್ಲದು

"ಗಟ್ಟಿ ಹವಳ ಯಾವುದೇ ಆಗಿರಲಿ, ಇಕ್ಕಳದಿಂದ ತುಂಡರಿಸಿ ಅಂಟಿಸಿದರೆ ಬೆಳೆಯುತ್ತದೆ" ಎಂದು, ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳಗಳನ್ನು ಅಕ್ವೇರಿಯಂನಲ್ಲಿ ಬೆಳೆಸುವ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಅಕ್ರೊಪೊರಾ, ಮಾಂಟಿಪೊರಾ ಎಂಬ ಗಟ್ಟಿ ಹವಳಗಳ ಮಟ್ಟಿಗೆ ಅದು ನಿಜ. ಕಡಲಿನಲ್ಲೂ ಅಲೆಯ ಹೊಡೆತಕ್ಕೆ ಮುರಿದುಬಿದ್ದ ಅಕ್ರೊಪೊರಾ ಕೊಂಬೆಗಳು ಬಿದ್ದಲ್ಲಿಯೇ ನೆಲೆಯೂರಿ ಹೊಸ ಹವಳಗಳಾಗುವುದುಂಟು. ಆದರೆ ಸುತ್ತಿಗೆಯಂಥ ತುದಿಯ ಎಳೆಗಳಿರುವ ಹ್ಯಾಮರ್ ಹವಳಗಳಲ್ಲಿ ಕವಲೊಡೆಯುವ ಬಗೆಗೂ ಗೋಡೆಯಂತೆ ಬೆಳೆಯುವ ಬಗೆಗೂ ಅಜಗಜಾಂತರವಿದೆ. ಕವಲಿನ ಬಗೆಯಲ್ಲಿ ಪ್ರತಿ ತಲೆಗೂ, ಎಂದರೆ ಕವಲಿನ ತುದಿಯ ಮಾಂಸದ ಭಾಗಕ್ಕೂ, ಪ್ರತ್ಯೇಕ ಕಾಂಡವಿರುವುದರಿಂದ, ಮಾಂಸದ ಅಂಚಿನಿಂದ ಎರಡು ಬೆರಳಷ್ಟು ಕೆಳಗೆ, ಜೀವವಿಲ್ಲದ ಸುಣ್ಣದ ಭಾಗವನ್ನಷ್ಟೇ ಕತ್ತರಿಸಬಹುದು. ಗೋಡೆಯ ಬಗೆಯಲ್ಲಿ ಮಾಂಸವು ಉದ್ದಕ್ಕೂ ಒಂದೇ ಪಟ್ಟಿಯಾಗಿರುವುದರಿಂದ ಎಲ್ಲಿ ಕೊಯ್ದರೂ ಅದು ಸೀಳಲೇಬೇಕು, ಇಕ್ಕಳ ಒತ್ತಿದರಂತೂ ಸುಣ್ಣದ ಗೋಡೆ ಅಡ್ಡಾದಿಡ್ಡಿ ಒಡೆದು ಮಾಂಸವನ್ನು ಹರಿದುಹಾಕುತ್ತದೆ.

ಇದು ನಾನು ಕೈಸುಟ್ಟುಕೊಂಡು ಕಲಿತ ಪಾಠ. ಇಕ್ಕಳದಿಂದ ಮುರಿದ ತುಂಡಿನ ಅಂಚಿನಲ್ಲಿ ಮೂರನೆಯ ದಿನ ಕಂದು ಲೋಳೆ ಕಾಣಿಸಿಕೊಂಡಿತು. ಐದನೆಯ ದಿನಕ್ಕೆ ಉಳಿದದ್ದು ಬಿಳಿಯ ಸುಣ್ಣ ಮಾತ್ರ. ಮುಂದೆ ವಜ್ರದ ಪುಡಿ ಲೇಪಿಸಿದ ಬ್ಯಾಂಡ್ ಸಾ ಗರಗಸದಿಂದ ಕೊಯ್ದು, ಅಯೋಡಿನ್ ದ್ರಾವಣದಲ್ಲಿ ಅದ್ದಿ, ನೀರಿನ ಹರಿವು ಮಂದವಾಗಿರುವ ಮೂಲೆಯಲ್ಲಿಟ್ಟ ತುಂಡುಗಳು ಉಳಿದುಕೊಂಡವು. ಆದರೂ ಗೋಡೆಯ ಬಗೆಯನ್ನು ಕೊಯ್ಯುವಂತೆ ನಾನು ಹೊಸಬರಿಗೆ ಹೇಳುವುದಿಲ್ಲ.

ಇನ್ನೊಂದು ಆಕ್ಷೇಪ: ನಾನಿರುವುದು ಆಸ್ಟ್ರೇಲಿಯದಲ್ಲಿ, ಲೇಖನವನ್ನು ಓದುವವರಲ್ಲಿ ಹೆಚ್ಚಿನವರು ಇರುವುದು ಕರ್ನಾಟಕದಲ್ಲಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಎಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಜೀವಿಗಳ ಪಟ್ಟಿಯಲ್ಲಿ, ಗಟ್ಟಿ ಹವಳಗಳೂ ಸೇರಿವೆ ಎಂಬುದನ್ನು, ಅಂಟಿನ ಬ್ರ್ಯಾಂಡುಗಳಿಗೆ ಇಡೀ ಪ್ಯಾರಾ ಮೀಸಲಿಟ್ಟ ಲೇಖಕರು ಒಂದು ಸಾಲಿನಲ್ಲಾದರೂ ತಿಳಿಸಬೇಕಿತ್ತು.