ನೂರು ಎಲೆಗೆ ಐದು ಹಿಡಿ

ನಮ್ಮದು ಅಡುಗೆಯವರ ಮನೆತನ ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿಯ ಹತ್ತಿರ ಕೊಚ್ಚಿಕೊಂಡಿದ್ದೆ. ಸುಳ್ಳೇನಲ್ಲ. ಅಜ್ಜ ತೀರ್ಥಹಳ್ಳಿ ಸೀಮೆಯಲ್ಲಿ ಮದುವೆ ಅಡುಗೆಗೆ ಹೋಗುತ್ತಿದ್ದವರು. ಚಿಕ್ಕಪ್ಪ ಇವತ್ತಿಗೂ ಶಿವಮೊಗ್ಗದ ಸುತ್ತಮುತ್ತ ಹೆಸರಾದ ಅಡುಗೆ ಭಟ್ಟರು. ಮೊದಲು ಅವರ ದಿನ ಕೇಳಿಕೊಂಡು ಆಮೇಲೆ ಮುಹೂರ್ತ ಇಡಿಸಿದವರಿದ್ದಾರೆ. ಇಂಥ ವಂಶದಲ್ಲಿ ಹುಟ್ಟಿದ ನನಗೆ ಒಂದು ಸಾರು ಕುದಿಸಲು ಬರುವುದಿಲ್ಲವೇ? ಇಪ್ಪತ್ತಾರು ವರ್ಷ ಈ ಪ್ರಶ್ನೆಯನ್ನು ಪರೀಕ್ಷಿಸುವ ಸಂದರ್ಭ ಒದಗಲಿಲ್ಲ. ಕಳೆದ ಶ್ರಾವಣದಲ್ಲಿ ಒದಗಿತು.

ಮಗಳ ಬಾಣಂತನಕ್ಕೆಂದು ಹೆಂಡತಿ ಬೆಂಗಳೂರಿಗೆ ಹೊರಟು ನಿಂತಿದ್ದಳು. "ರೀ, ಮೆಸ್ಸಿನವರಿಗೆ ಹೇಳಿದ್ದೇನೆ, ಎರಡು ಹೊತ್ತೂ ಕ್ಯಾರಿಯರ್ ಬರುತ್ತದೆ" ಎಂದಳು. ನನಗೆ ರೇಗಿತು. "ನಳ ಯಾರು? ಭೀಮ ಯಾರು? ನಳಪಾಕ, ಭೀಮಪಾಕ ಎನ್ನುತ್ತಾರೆಯೇ ಹೊರತು ದಮಯಂತಿಪಾಕ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀಯಾ?" ಎಂದೆ. ಅವಳು ಚೀಲದ ಜಿಪ್ ಎಳೆಯುತ್ತಾ, "ಇಬ್ಬರೂ ಅಡುಗೆ ಮಾಡಿದ್ದು ಯಾರ ಮನೆಯಲ್ಲಿ?" ಎಂದು ಕೇಳಿ ರೈಲು ಹತ್ತಲು ಹೋದಳು.

ಉತ್ತರ ಹೊಳೆಯುವಷ್ಟರಲ್ಲಿ ಅವಳ ರೈಲು ಭದ್ರಾವತಿ ದಾಟಿರಬೇಕು. ನಳ ಬಾಹುಕನಾಗಿ ಒಗ್ಗರಣೆ ಹಾಕಿದ್ದು ಅಯೋಧ್ಯೆಯ ಋತುಪರ್ಣನ ಅರಮನೆಯಲ್ಲಿ, ರಾಜ್ಯ ಕಳೆದುಕೊಂಡು ವೇಷ ಮರೆಸಿಕೊಂಡಿದ್ದಾಗ. ಭೀಮ ವಲಲನಾಗಿ ಸೌಟು ಹಿಡಿದದ್ದು ವಿರಾಟನ ಪಾಕಶಾಲೆಯಲ್ಲಿ, ಅಜ್ಞಾತವಾಸದ ಒಂದೇ ಒಂದು ವರ್ಷ. ಇಬ್ಬರೂ ಗತಿಗೆಟ್ಟಾಗ ಪರರ ಮನೆಯಲ್ಲಿ ಸಂಬಳಕ್ಕೆ ಬೇಯಿಸಿದವರು. ಅದಕ್ಕೆ ಮುಂಚೆ ಹನ್ನೆರಡು ವರ್ಷ ಕಾಡಿನಲ್ಲಿದ್ದಾಗ ಭೀಮನ ಪಾಕಪ್ರಾವೀಣ್ಯ ಎಲ್ಲಿ ಹೋಗಿತ್ತು? ಅಲ್ಲಿ ಬಡಿಸುತ್ತಿದ್ದವಳು ದ್ರೌಪದಿ. ಅಕ್ಷಯಪಾತ್ರೆ ಕೈಯಲ್ಲಿದ್ದರೂ ಎಲ್ಲರದೂ ಆದ ಮೇಲೆ ಕಡೆಯಲ್ಲಿ ಉಣ್ಣುವವಳೂ ಅವಳೇ. ದೂರ್ವಾಸರು ಶಿಷ್ಯಕೋಟಿಯನ್ನು ಕಟ್ಟಿಕೊಂಡು ಬಂದ ದಿನ ಪಾತ್ರೆಯ ಅಂಚಿನಲ್ಲಿ ಒಂದು ಸೊಪ್ಪಿನ ಚೂರು ಅಂಟಿಕೊಂಡಿದ್ದರಿಂದ ಮಾನ ಉಳಿಯಿತು. ಐವರು ಗಂಡಂದಿರಲ್ಲಿ ಒಬ್ಬನೂ "ಪಾತ್ರೆ ಸರಿಯಾಗಿ ತೊಳೆದಿಲ್ಲ ನೋಡು" ಎನ್ನಲಿಲ್ಲವಲ್ಲ, ಅದು ಪುಣ್ಯ.

ಇರಲಿ. ಮೆಸ್ಸಿನವರಿಗೆ ಫೋನ್ ಮಾಡಿ ಕ್ಯಾರಿಯರ್ ಬೇಡವೆಂದೆ. ಆಮೇಲೆ ಚಿಕ್ಕಪ್ಪನಿಗೆ ಮಾಡಿದೆ.

"ಚಿಕ್ಕಪ್ಪ, ಸಾರು ಮಾಡುವುದು ಹೇಗೆ?"

"ಎಷ್ಟು ಎಲೆ?"

"ಒಂದು."

ಆ ಕಡೆ ಸದ್ದಿಲ್ಲ. ಫೋನ್ ಕಟ್ಟಾಯಿತೆಂದುಕೊಂಡೆ. "ಒಂದು ನೂರು ಎಂದೆಯಾ?" ಎಂದು ಕೇಳಿದರು.

"ಅಲ್ಲ ಚಿಕ್ಕಪ್ಪ, ಬರೀ ಒಂದು."

"ನನಗೆ ಬರುವುದು ನೂರರ ಲೆಕ್ಕ. ನೀನು ಬ್ಯಾಂಕಿನವನಲ್ಲವೋ, ಭಾಗಿಸಿಕೋ."

ಬರೆದುಕೊಂಡೆ. ನೂರು ಎಲೆಗೆ ತೊಗರಿಬೇಳೆ ಮೂರು ಕಿಲೊ, ಹುಣಸೆಹಣ್ಣು ಅರ್ಧ ಕಿಲೊ, ಇಂಗು ಗೋಲಿ ಗಾತ್ರ, ಕಲ್ಲುಪ್ಪು ಐದು ಹಿಡಿ. ಬೇಳೆ ಮೂವತ್ತು ಗ್ರಾಮು, ಹುಣಸೆ ಐದು ಗ್ರಾಮು. ಅಲ್ಲಿಯವರೆಗೆ ಗಣಿತ ಕೈಕೊಡಲಿಲ್ಲ. ಆದರೆ ಗೋಲಿಯ ನೂರನೆಯ ಒಂದು ಭಾಗ ಎಷ್ಟು? ಉಪ್ಪಿನದು ಅದಕ್ಕಿಂತ ಫಜೀತಿ. ಐದು ಹಿಡಿಯನ್ನು ನೂರರಿಂದ ಭಾಗಿಸಿದರೆ ಹಿಡಿಯ ಇಪ್ಪತ್ತನೆಯ ಒಂದು ಪಾಲು. ಒಂದು ಹಿಡಿ ಕಲ್ಲುಪ್ಪನ್ನು ಹಳೆಯ ದಿನಪತ್ರಿಕೆಯ ಮೇಲೆ ಹರಡಿ, ಕ್ಯಾಶ್ ಕೌಂಟರಿನಲ್ಲಿ ಚಿಲ್ಲರೆ ಜೋಡಿಸಿದಂತೆ ಇಪ್ಪತ್ತು ಗುಡ್ಡೆ ಮಾಡಿದೆ. ಆಮೇಲೆ ನೆನಪಾಯಿತು, ಇದು ನನ್ನ ಹಿಡಿ. ಲೆಕ್ಕ ಕೊಟ್ಟದ್ದು ಚಿಕ್ಕಪ್ಪನ ಹಿಡಿಗೆ. ಅವರ ಅಂಗೈ ಮೊರದಷ್ಟಿದೆ. ಒಂದೂವರೆ ಗುಡ್ಡೆ ಹಾಕುವುದೆಂದು ತೀರ್ಮಾನಿಸಿದೆ.

ಐದು ಲೀಟರಿನ ಕುಕ್ಕರಿನ ತಳದಲ್ಲಿ ಮೂವತ್ತು ಗ್ರಾಮು ಬೇಳೆ ಇದೆಯೋ ಇಲ್ಲವೋ ಎಂಬಂತೆ ಕಾಣುತ್ತಿತ್ತು. ಎಷ್ಟು ನೀರು ಎಂದು ಕೇಳಲು ಮರೆತಿದ್ದೆ. ಬೇಳೆ ಇಷ್ಟೇ ಇರುವಾಗ ನೀರೂ ಇಷ್ಟೇ ಸಾಕಲ್ಲವೇ ಎಂದು ಅರ್ಧ ಲೋಟ ಸುರಿದೆ. ಒಂದು ಸೀಟಿ ಬಂತು. ಎರಡನೆಯದು ಅರ್ಧ ಬಂತು. ಮೂರನೆಯದರ ಬದಲು ವಾಸನೆ ಬಂತು. ಸೀದ ಬೇಳೆಯನ್ನು ಕೆರೆಯುತ್ತಿರುವಾಗ, ಆ ಕಡೆ ಒಗ್ಗರಣೆಗೆಂದು ಕಾಯಲು ಇಟ್ಟಿದ್ದ ಎಣ್ಣೆ ಹೊಗೆಯಾಡತೊಡಗಿತು. ಗಾಬರಿಯಲ್ಲಿ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದೆ. ಕಣ್ಣು, ಮೂಗು, ಗಂಟಲು ಎಲ್ಲಾ ಒಟ್ಟಿಗೆ ಕಟ್ಟಿಕೊಂಡವು. ಕೆಮ್ಮುತ್ತಾ ಹೊರಗೆ ಓಡಿ ಬಂದರೆ, ಎದುರು ಮನೆಯ ಅಜ್ಜಿಯೂ ಕೆಮ್ಮುತ್ತಾ ಗೇಟಿನ ಹತ್ತಿರ ನಿಂತಿದ್ದರು. "ಏನಪ್ಪಾ, ದೃಷ್ಟಿ ನೀವಾಳಿಸಿದೆಯಾ? ಇಷ್ಟು ಘಾಟು ಬಂತೆಂದರೆ ನಿನಗೆ ಯಾರ ದೃಷ್ಟಿಯೂ ಆಗಿಲ್ಲ ಬಿಡು" ಎಂದು ಸಮಾಧಾನ ಹೇಳಿ ಒಳಗೆ ಹೋದರು.

ಆ ರಾತ್ರಿ ಮೊಸರನ್ನ ತಿನ್ನುತ್ತಾ ಅಪ್ಪನನ್ನು ನೆನೆಸಿಕೊಂಡೆ. ಅಪ್ಪ ಶಾಲಾ ಮೇಷ್ಟ್ರು. ಅಜ್ಜನ ಕಸುಬು ಹಿಡಿಯಲಿಲ್ಲ. ಆದರೂ ತಿಂಗಳಿಗೆ ಮೂರು ದಿನ ತಪ್ಪದೆ ಅಡುಗೆ ಮಾಡುತ್ತಿದ್ದರು. ಅಮ್ಮ ಹೊರಗೆ ಕೂರುತ್ತಿದ್ದ ಮೂರು ದಿನ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಗಂಡಸರು ಅಡುಗೆ ಕಲಿತದ್ದು ಹೀಗೆಯೇ, ಸಮಾನತೆಯ ಭಾಷಣ ಕೇಳಿ ಅಲ್ಲ. ಮಡಿಯ ಕಾರಣಕ್ಕೆ ಅಮ್ಮ ಒಳಗೆ ಬರುವಂತಿಲ್ಲ. ಆದರೆ ಧ್ವನಿಗೆ ಮೈಲಿಗೆ ಇರಲಿಲ್ಲ. ಹಿತ್ತಿಲ ಜಗಲಿಯ ಮೂಲೆಯಲ್ಲಿ ಗೋಡೆಗೊರಗಿ ಕೂತು ಅಮ್ಮ ಅಡುಗೆಮನೆಯನ್ನು ಮೂಗಿನಿಂದಲೇ ನೋಡುತ್ತಿದ್ದಳು. "ಮೆಂತ್ಯ ಕೆಂಪಾಯಿತು, ಇಳಿಸಿ." "ಕೊತ್ತಂಬರಿ ಇನ್ನೂ ಹಸಿ ಇದೆ, ಇನ್ನೆರಡು ಸಲ ಕೈಯಾಡಿಸಿ." "ಈಗ ಉಪ್ಪು. ಅಯ್ಯೋ, ಅಷ್ಟಲ್ಲ!" ಉಪ್ಪು ಕೈಯಲ್ಲಿ ಎಷ್ಟಿದೆಯೆಂದು ಗೋಡೆಯಾಚೆಯಿಂದ ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ, ದೇವರೇ ಬಲ್ಲ. ಊಟಕ್ಕೆ ಬಂದ ನೆಂಟರು "ಮೇಷ್ಟ್ರ ಕೈರುಚಿಯೇ ಬೇರೆ" ಎಂದು ಹೊಗಳುವಾಗ, ಅಮ್ಮ ಜಗಲಿಯಲ್ಲಿ ದೂರದಿಂದ ಬಡಿಸಿಕೊಂಡ ಎಲೆಯ ಮುಂದೆ ತಲೆ ತಗ್ಗಿಸಿ ನಗುತ್ತಿದ್ದಳು. ಮುಂದೆ ಹೊರಗೆ ಕೂರುವ ಪದ್ಧತಿ ನಿಂತಿತು. ಅದೇ ತಿಂಗಳಿನಿಂದ ಅಪ್ಪನಿಗೆ ಅಡುಗೆ ಮರೆತುಹೋಯಿತು.

ಮದುವೆ ಮನೆ, ಮಠ, ದೇವಸ್ಥಾನಗಳ ಕೊಪ್ಪರಿಗೆಗಳ ಮುಂದೆ ಗಂಡಸರೇ ನಿಂತದ್ದಕ್ಕೂ ಈ ಮಡಿಯೇ ಮುಖ್ಯ ಕಾರಣ. ಆದರೆ ಚಿಕ್ಕಪ್ಪನನ್ನು ಕೇಳಿ ನೋಡಿ, ಅವರು ಮಡಿಯ ಮಾತೆತ್ತುವುದಿಲ್ಲ. "ಹೆಂಗಸರಿಗೆ ಆ ಕೊಪ್ಪರಿಗೆ ಎತ್ತಲಾಗುತ್ತದೆಯೇನೋ?" ಎನ್ನುತ್ತಾರೆ. ನಾನೂ ನಂಬಿದ್ದೆ. ಬೆಳಿಗ್ಗೆ ವಾಕಿಂಗಿಗೆ ಹೋಗುವ ದಾರಿಯಲ್ಲಿ ಒಂದು ಸರಕಾರಿ ಶಾಲೆಯಿದೆ. ಅಕ್ಷರ ದಾಸೋಹ 2002ರಲ್ಲಿ ಶುರುವಾದ ಮೇಲೆ ಇಂಥ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುತ್ತಿರುವವರು ಹೆಚ್ಚಾಗಿ ಹೆಂಗಸರೇ. ಒಂದು ದಿನ ಕಿಟಕಿಯಲ್ಲಿ ಇಣುಕಿದೆ. ನನ್ನ ಭುಜಕ್ಕೂ ಬಾರದ ಇಬ್ಬರು ಹೆಂಗಸರು, ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಎರಡು ಹಳೆಯ ಬಟ್ಟೆಗಳ ಹಿಡಿಕೆಯಲ್ಲಿ ಆವಿಯಾಡುವ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿದರು. ಅವರ ಮಾತು ಮಧ್ಯೆ ಒಂದು ಸಲವೂ ನಿಲ್ಲಲಿಲ್ಲ. ಯಾರದೋ ಮಗಳ ಸಂಬಂಧದ ವಿಷಯ. ಅವರಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನ ಎನ್ನುತ್ತಾರೆ. ಧನ ಕಡಿಮೆಯಿದ್ದಲ್ಲಿ ಗೌರವವನ್ನು ಮುಂದೆ ಸೇರಿಸುವುದು ಸರಕಾರದ ಹಳೆಯ ಒಗ್ಗರಣೆ.

ಕನ್ನಡವೂ ಈ ವಿಷಯದಲ್ಲಿ ಕಡಿಮೆಯದಲ್ಲ. ಬಾಡಿಗೆಗೆ ಬೇಯಿಸುವ ಗಂಡಸು ಅಡುಗೆ ಭಟ್ಟ'ರು', ಬಹುವಚನ. ಅದೇ ಕೆಲಸಕ್ಕೆ ಮನೆಗೆ ಬರುವ ಹೆಂಗಸು ಅಡುಗೆಯ'ವಳು'. ಹದಿನಾರನೆಯ ಶತಮಾನದ ಮೊದಲಲ್ಲೇ ಮೂರನೆಯ ಮಂಗರಸ ಷಟ್ಪದಿಯಲ್ಲಿ ಸೂಪಶಾಸ್ತ್ರ ಬರೆದಿಟ್ಟ. ಅದಕ್ಕೂ ಐನೂರು ವರ್ಷ ಹಿಂದೆ ಎರಡನೆಯ ಚಾವುಂಡರಾಯ ಲೋಕೋಪಕಾರದಲ್ಲಿ ಪಾಕದ ಸಂಗತಿ ಸೇರಿಸಿದ್ದ. ಛಂದಸ್ಸು ಕೆಡದಂತೆ ಪಾಕ ಹೇಳುವುದು ಸಾಮಾನ್ಯ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಅವರಿಗೆ ಆ ಹದ ಹೇಳಿಕೊಟ್ಟವರು ಯಾವ ಜಗಲಿಯ ಮೂಲೆಯಲ್ಲಿ ಕೂತಿದ್ದರು ಎಂಬ ಸಂಶಯ ಮಾತ್ರ ಸೀದ ಕುಕ್ಕರ್ ತಿಕ್ಕುವಾಗ ನನಗೆ ಪದೇ ಪದೇ ಬಂತು.

ನನಗೆ ಧಾರವಾಡಕ್ಕೆ ವರ್ಗವಾಗಿದ್ದಾಗ ಊಟ ಮಾಡುತ್ತಿದ್ದ ಖಾನಾವಳಿ ಬೇರೆ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಆಯಿ ಕುದಿನೀರಿನಲ್ಲಿ ಜೋಳದ ಹಿಟ್ಟು ನಾದಿ ಪಟಪಟನೆ ರೊಟ್ಟಿ ಬಡಿಯುತ್ತಿದ್ದರು. ಜಿಗುಟೇ ಇಲ್ಲದ ಹಿಟ್ಟು ಅವರ ಅಂಗೈಯಡಿ ಸುತ್ತುತ್ತಾ ಸುತ್ತುತ್ತಾ ಹರಿಯದೆ ಅಗಲವಾಗುತ್ತಿತ್ತು. ಒಮ್ಮೆ ಆಸೆಯಾಗಿ ನಾನೂ ಬಡಿದೆ. ರೊಟ್ಟಿ ಮೂರು ತುಂಡಾಯಿತು. "ಸಾಹೇಬರೇ, ನೀವು ರೊಕ್ಕ ಎಣಿಸಿರಿ, ಸಾಕು" ಎಂದರು. ರೊಕ್ಕ ಎಣಿಸಲು ಅಲ್ಲೂ ಜಾಗ ಖಾಲಿ ಇರಲಿಲ್ಲ. ಗಲ್ಲೆಯ ಮೇಲೆ ಅವರ ಯಜಮಾನರು ಕೂತಿದ್ದರು, ಬೋರ್ಡಿನ ಮೇಲೆ ಅವರದೇ ಹೆಸರಿತ್ತು.

ಎರಡನೆಯ ಭಾನುವಾರ ಚಿಕ್ಕಪ್ಪ ತಾವಾಗಿಯೇ ಬಂದರು. "ಇವತ್ತು ನಾನು ಮಾಡಿ ತೋರಿಸುತ್ತೇನೆ" ಎಂದರು. ನಾನು ಹಿಗ್ಗಿ ಬ್ಯಾಂಕಿನ ಇಬ್ಬರು ಗೆಳೆಯರನ್ನು ಊಟಕ್ಕೆ ಕರೆದೆ. ಒಟ್ಟು ನಾಲ್ಕು ಎಲೆ.

ಗ್ಯಾಸ್ ಹಚ್ಚಿದ ಕೂಡಲೇ, "ಇದೇನು ಒಲೆಯೋ, ದೇವರ ದೀಪವೋ?" ಎಂದರು. ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆ ಇಳಿಸಿಸಿದರು; ಅದು ಸ್ನಾನದ ನೀರು ಕಾಯಿಸುವುದು. ಅದನ್ನು ಬೇಡವೆನ್ನಲು ನನಗೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಬಾಣಲೆಯ ಮೇಲಿಂದ ಕಣ್ಣು ತೆಗೆಯದೆ, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಂತೆ ಬಲಗೈ ಹಿಂದಕ್ಕೆ ಚಾಚಿ "ಕಾಯಿ" ಎಂದರು. ಯಾರೂ ಕೊಡಲಿಲ್ಲ. ಕೈ ಗಾಳಿಯಲ್ಲೇ ನಿಂತಿತ್ತು. ಆಗ ನನಗೆ ಹೊಳೆಯಿತು: ಛತ್ರದಲ್ಲಿ ಕಾಯಿ ತುರಿಯಲು ಒಬ್ಬ, ರುಬ್ಬಲು ಒಬ್ಬ, ಹೆಚ್ಚಲು ಮೂವರು, ಪಾತ್ರೆ ತಿಕ್ಕಲು ಹಿತ್ತಿಲಲ್ಲಿ ನಾಲ್ವರು ಹೆಂಗಸರು. ಇಲ್ಲಿ ಆ ಒಂಬತ್ತೂ ನಾನೇ. ತುರಿದೆ, ಹೆಚ್ಚಿದೆ, ತೊಳೆದೆ, ಮತ್ತೆ ತೊಳೆದೆ. ಮುಕ್ಕಾಲು ಗಂಟೆಯಲ್ಲಿ ಮನೆಯ ಅಷ್ಟೂ ಸೌಟುಗಳು ಸಿಂಕಿನಲ್ಲಿದ್ದವು. ಹೆಂಡತಿ ಮೂರು ಪಾತ್ರೆಯಲ್ಲಿ ಮುಗಿಸುವ ಅಡುಗೆಗೆ ನಮ್ಮಿಬ್ಬರಿಗೆ ಹದಿನೇಳು ಬೇಕಾಗಿತ್ತು.

ಆದರೂ ಒಪ್ಪಬೇಕು, ಹುರಿದ ಪುಡಿಯ ಘಮ ಬೀದಿಯವರೆಗೆ ಹೋಗಿತ್ತು. ಸಾರು ಉಕ್ಕಿ ಬಂತು. ಚಿಕ್ಕಪ್ಪ ಉಪ್ಪಿನ ಜಾಡಿಗೆ ಕೈ ಹಾಕಿ ಒಂದು ಹಿಡಿ ತೆಗೆದರು. ಪಾತ್ರೆಯ ಮೇಲೆ ತಂದವರು ನಿಂತರು. ಅರ್ಧ ಜಾಡಿಗೆ ವಾಪಸು ಹಾಕಿದರು. ಸಾರನ್ನು ನೋಡಿದರು, ಮುಷ್ಟಿ ನೋಡಿದರು. ಅದರಲ್ಲೂ ಅರ್ಧ ವಾಪಸು. "ಇಲ್ಲಿ ಸಿಗ್ನಲ್ ಸರಿಯಿಲ್ಲ, ಒಂದು ಮುಖ್ಯವಾದ ಫೋನಿದೆ" ಎಂದು ಉರಿ ಸಣ್ಣಗೆ ಮಾಡಿ ಹಿತ್ತಿಲಿಗೆ ಹೋದರು.

ಕರಿಬೇವು ಕೀಳಲು ನಾನೂ ಹಿಂದೆಯೇ ಹೋದೆ. ಒಗೆಯುವ ಕಲ್ಲಿನ ಪಕ್ಕ ಬೆನ್ನು ತಿರುಗಿಸಿ ನಿಂತಿದ್ದರು. ಎಡಗೈಯಲ್ಲಿ ಮೊಬೈಲ್. ಅದರ ಸ್ಪೀಕರ್ ಆರಿಸುವುದು ಅವರಿಗೆ ಇನ್ನೂ ಬರುವುದಿಲ್ಲ.

"ಲೇ, ಸಾರಿಗೆ ನಾಲ್ಕು ಜನಕ್ಕೆ ಉಪ್ಪು ಎಷ್ಟು ಹಾಕುತ್ತೀಯೇ? ಮೆಲ್ಲಗೆ ಹೇಳು."

ಆ ಕಡೆಯಿಂದ ಚಿಕ್ಕಮ್ಮನ ಧ್ವನಿ ಹಿತ್ತಿಲಿಗೆಲ್ಲ ಕೇಳಿಸಿತು. "ಹೇಳುತ್ತೇನೆ. ಮೊದಲು ಆ ಮುಷ್ಟಿಯಲ್ಲಿ ಇರುವುದನ್ನು ಜಾಡಿಗೆ ಹಾಕಿ ಬನ್ನಿ."

ಚಿಕ್ಕಪ್ಪ ಬಲಗೈ ಬಿಚ್ಚಿ ನೋಡಿಕೊಂಡರು. ಉಪ್ಪು ಅಲ್ಲೇ ಇತ್ತು.